ಹಂಸಪಾದ

ಸೂರ್ ಊರಿನ ಕಾಲೇಜು, ಕೋಣೆ ನಂಬರು ನಾಲ್ಕು.
ಬಾಗಿಲ ಮೇಲೆ ಬರವಣಿಗೆ ನೆರವು ಕೇಂದ್ರ ಎಂದಿದೆ.
ಒಳಗೆ ನಾನು, ಒಂದು ಎ.ಸಿ., ಅದರ ಕೆಮ್ಮು,
ಗೋಡೆಗೆ ಒರಗಿಸಿದ ಬಿಳಿ ಹಲಗೆ.
ಮಧ್ಯಾಹ್ನ ಮೂರರ ಬಿಸಿಲು
ಕಾರಿನ ಬಾಗಿಲಿಗೂ ಕೈ ಹಚ್ಚಗೊಡುವುದಿಲ್ಲ.
ಆ ಹೊತ್ತಿಗೇ ಬರುತ್ತಾರೆ ಇವರು,
ಎರಡೆರಡು ಸಲ ಡುಮ್ಕಿ ಹೊಡೆದವರು,
ಬಂದು ಎ.ಸಿ.ಯ ಕೆಳಗಿನ ಕುರ್ಚಿಗೆ ಜಗಳಾಡುತ್ತಾರೆ.

ಖಲ್ಫಾನನಿಗೆ ಪ ಬರುವುದಿಲ್ಲ.
ಪ್ಯಾರಾಗ್ರಾಫನ್ನು ಬ್ಯಾರಾಗ್ರಾಫ್ ಅನ್ನುತ್ತಾನೆ.
ಹಿಂದಿನಿಂದ ಶಹದಾದ್ ಕಿಸಕ್ಕನೆ ನಗುತ್ತಾನೆ.
ನಾನು ನಗುವುದಿಲ್ಲ. ಕೊಳ್ಳೇಗಾಲದ ನನಗೆ
ಹ ಬರುತ್ತಿರಲಿಲ್ಲ. ಆಲು, ಅಣ್ಣು, ಅಬ್ಬ.
ಮೈಸೂರಿನ ಹಾಸ್ಟೆಲಿನಲ್ಲಿ ಒಂದು ವರ್ಷ
ಬಾಯಿ ತೆರೆಯುವ ಮುನ್ನ ಉಸಿರು ಎಣಿಸಿದೆ.
ಕೊನೆಗೆ ಹೆದರಿ ಆನೆಗೂ ಹ ಹಚ್ಚಿದೆ.

ಇವರ ವಾಕ್ಯಗಳು ಮುಗಿಯುವುದಿಲ್ಲ.
ಮತ್ತು, ಮತ್ತು, ಮತ್ತು ಎಂದು
ಒಂದರ ಬಾಲಕ್ಕೊಂದು ಕಟ್ಟಿದ ದೋಣಿಗಳ ಹಾಗೆ
ಪುಟದ ಅಂಚಿಗೆ ಬಂದು ಜಾಗವಿಲ್ಲದೆ ನಿಲ್ಲುತ್ತವೆ.
ಚುಕ್ಕಿ ಇಡಿ, ಅನ್ನುತ್ತೇನೆ. ಅನ್ನುವ ನಾನೋ
ಎದ್ದು, ಮಿಂದು, ಉಂಡು, ಬೀಗ ಹಾಕಿ,
ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ನೋಡಿ ಬಂದು
ಕಟ್ಟಕಡೆಗೊಂದು ಕ್ರಿಯಾಪದದ ಮೇಲೆ ಕೂರುವ ಭಾಷೆಯವಳು.

ಅವರ ಅಲ್ಪವಿರಾಮ ತಲೆಕೆಳಗು. ಸಾವಿರ ತಿದ್ದಿದ್ದೇನೆ.
ಈಗೀಗ ನನ್ನ ಅಂಗಡಿ ಚೀಟಿಯಲ್ಲೂ ಅದು
ತಲೆಕೆಳಗಾಗಿಯೇ ನಿಂತಿರುತ್ತದೆ.

ನಾನು ಹೇಳಿಕೊಡುವುದು ಇಷ್ಟೇ: ಮೊದಲ ಕರಡು ಕೆಟ್ಟದಿರಲಿ.
ಹೊಡೆದುಹಾಕಿದ ಸಾಲನ್ನು ಅಳಿಸಬೇಡಿ, ನಾಳೆ ಬೇಕಾದೀತು.
ಓದಿದ್ದನ್ನು ಪುಸ್ತಕ ಮುಚ್ಚಿ ಯಾರಿಗಾದರೂ ಹೇಳಿ,
ಅಜ್ಜಿಗೆ, ತಮ್ಮನಿಗೆ, ಯಾರೂ ಸಿಗದಿದ್ದರೆ ಆಡಿಗೆ.
ಶಹದಾದ್ ನಿಜಕ್ಕೂ ಆಡಿಗೇ ಹೇಳಿದನಂತೆ.
ಆಡು ಟಿಪ್ಪಣಿಯ ಎರಡು ಹಾಳೆ ತಿಂದಿತಂತೆ.
ಆದರೂ ನೆನಪಿತ್ತು. ಪಾಸಾದ.

ಮುಜ್ನಾ ಮಾತ್ರ ಹೆಚ್ಚು ಮಾತಿನವಳಲ್ಲ.
ಅವಳ ಹಾಳೆಯ ಮೊದಲ ಸಾಲು, ಮೂರೇ ಪದ:
ಮೈ ಫಾದರ್ ಸೇಲರ್.
ಕೆಂಪು ಪೆನ್ನು ತಾನಾಗಿ ಬಾಗಿತು.
ನಡುವೆ ಒಂದು ಹಂಸಪಾದ ಇಟ್ಟೆ.
ನೇಕಾರ ಬೀದಿಯ ಶಾಲೆಯಲ್ಲಿ ಅದನ್ನು ಕಲಿತಾಗ
ಹಂಸ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ,
ಕೋಳಿ ಕಾಲು ಅಂದುಕೊಂಡೇ ಇಡುತ್ತಿದ್ದೆವು.
ಅದರ ಮೇಲೆ ಈಸ್ ಎಂದು ಬರೆದೆ.

ನಮ್ಮಲ್ಲಿ ಇದು ಇಲ್ಲ ಮಿಸ್, ಅಂದಳು.
ನಮ್ಮಲ್ಲೂ ಇಲ್ಲ, ಅಂದೆ. ನಮ್ಮಪ್ಪ ನೇಕಾರ.
ಎರಡೇ ಪದ, ನಡುವೆ ಗಾಳಿಯೂ ಆಡದು.
ಅವಳು ನನ್ನ ಪೆನ್ನು ಕೇಳಿ ಇಸಿದುಕೊಂಡು
ನನ್ನ ಈಸ್ ಹೊಡೆದು ವಾಸ್ ಎಂದು ತಿದ್ದಿದಳು.
ದೋಣಿ ಮಾರಿ ಆರು ವರ್ಷ. ಅಪ್ಪ ಈಗ
ಗ್ಯಾಸ್ ಕಂಪನಿಯ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು
ಒಳಹೋಗುವ ಲಾರಿಗಳ ನಂಬರು ಬರೆಯುತ್ತಾರೆ.
ಅರಬ್ಬಿಯಲ್ಲಿ ಇರುವುದಕ್ಕೆ ಪದ ಬೇಡ ಮಿಸ್,
ಇದ್ದದ್ದಕ್ಕೆ ಬೇಕು. ಕಾನ.
ಹೇಳಿ, ಚೀಲ ಎತ್ತಿಕೊಂಡು ಬಸ್ಸಿಗೆ ಓಡಿದಳು.

ನಮ್ಮಲ್ಲೂ ಹಾಗೇ ಮಗೂ ಎಂಬುದು
ಬಸ್ಸು ಹೋದ ಮೇಲೆ ಹೊಳೆಯಿತು.
ಮಗ್ಗ ಸೌದೆಯಾಗಿ ಹನ್ನೊಂದು ವರ್ಷ.
ಬ್ಯಾಂಕಿನ ಫಾರ್ಮಿನಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ,
ಉದ್ಯೋಗ ಎಂದಿರುವ ಕಡೆಯಲ್ಲೆಲ್ಲ
ಅಪ್ಪ ಈಗಲೂ ನೇಕಾರ ಅಂತಲೇ ಬರೆಸುತ್ತಾನೆ.
ಆಗಿದ್ದೆ ಎಂಬ ಬಾಲ ಎಲ್ಲಿ ಎಂದು
ಯಾವ ಗುಮಾಸ್ತನೂ ಇದುವರೆಗೆ ಕೇಳಿಲ್ಲ.

ಎ.ಸಿ. ಮತ್ತೆ ಕೆಮ್ಮಿತು.
ಖಲ್ಫಾನನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ,
ಬಿಟ್ಟ ಎಳೆ ಹುಡುಕಲು ಅಪ್ಪ ಸೀರೆ ಹಿಡಿಯುತ್ತಿದ್ದ ಹಾಗೆ.
ಮೊದಲ ಸಾಲಲ್ಲೇ ಒಂದು ಪದ ಬಿಟ್ಟಿದ್ದ.
ಹಂಸಪಾದ ಇಟ್ಟೆ.
ಮೇಲೆ ಏನೂ ಬರೆಯದೆ, ಬಾರೋ ಇಲ್ಲಿ ಎಂದು
ಅವನನ್ನೇ ಕರೆದೆ.